ತಿರುಳ್ಗನ್ನಡದ ನೆಲದಲ್ಲಿ ಆಡುಮಾತಿನ ಪ್ರಶ್ನೆ

ಬನದ ಹುಣ್ಣಿಮೆ ಸಮೀಪಿಸಿದಂತೆ ಕನ್ನಡ ವೃತ್ತಿರಂಗಭೂಮಿಯ ದೃಷ್ಟಿ ಬಾದಾಮಿ ತಾಲ್ಲೂಕಿನ ಚೊಳಚಗುಡ್ಡದತ್ತ ಹೊರಳುತ್ತದೆ. ಬನಶಂಕರಿ ಜಾತ್ರೆಯ ವಾರಗಳಲ್ಲಿ ನಾಟಕ ಕಂಪನಿಗಳು ಒಂದರ ಸಮೀಪದಲ್ಲಿ ಇನ್ನೊಂದು ಡೇರೆ ಹಾಕಿ, ರಾತ್ರಿಯಿಡೀ ಪ್ರಯೋಗಗಳನ್ನು ನಡೆಸುತ್ತವೆ. ಹಣ ತೆತ್ತು ಟಿಕೆಟು ಪಡೆದು, ಮಾತನ್ನು ಕೇಳಲೆಂದೇ ಜನ ಇಷ್ಟೊಂದು ಸಂಖ್ಯೆಯಲ್ಲಿ ಸೇರುವ ಸ್ಥಳಗಳು ಕನ್ನಡನಾಡಿನಲ್ಲಿ ಈಗ ಹೆಚ್ಚು ಉಳಿದಿಲ್ಲ. ರಂಗದ ಮೇಲಿನ ಆ ಮಾತು ಬಹುಮಟ್ಟಿಗೆ ಈ ಸೀಮೆಯ ಕನ್ನಡ. 'ಐತಿ', 'ಅದಾನ', 'ಹೊಂಟೀನಿ', 'ಊರಾಗ' ಎಂಬ ರೂಪಗಳಿಗೆ ಅಲ್ಲಿ ಚಪ್ಪಾಳೆ ಬೀಳುತ್ತದೆ.

ಇದೇ ರೂಪಗಳು ಶಾಲೆಯ ಉತ್ತರಪತ್ರಿಕೆಯಲ್ಲಿ ಕಾಣಿಸಿಕೊಂಡರೆ ಕೆಂಪು ಗೆರೆ ಬೀಳುತ್ತದೆ. ಕಚೇರಿಯ ಅರ್ಜಿಯಲ್ಲಿ ಅವುಗಳಿಗೆ ಎಡೆಯಿಲ್ಲ. ರಾಜಧಾನಿಯಲ್ಲಿ ಉದ್ಯೋಗ ಅರಸಿ ಹೋದ ಯುವಕ ಸಂದರ್ಶನದ ಕೊಠಡಿಯ ಬಾಗಿಲಲ್ಲಿ ತನ್ನ ಮಾತನ್ನು ಬದಲಿಸಿಕೊಳ್ಳುತ್ತಾನೆ. ಒಂದೇ ಭಾಷೆಯ ಒಂದು ರೂಪಕ್ಕೆ ರಂಗದ ಮೇಲೆ ಮನ್ನಣೆ, ತರಗತಿಯಲ್ಲಿ ತಿದ್ದುಪಡಿ ಎಂಬ ಈ ಸ್ಥಿತಿ ಕೇವಲ ಅಭಿರುಚಿಯ ಸಂಗತಿಯಲ್ಲ. ಶಿಕ್ಷಣ ನೀತಿ, ಜನಗಣತಿ ಮತ್ತು ಮಾತನ್ನು ಗುರುತಿಸುವ ಯಂತ್ರಗಳ ಕುರಿತು ನಿರ್ಧಾರಗಳು ನಡೆಯುತ್ತಿರುವ ಈ ದಿನಗಳಲ್ಲಿ ಇದು ಸಾರ್ವಜನಿಕ ಪರ್ಯಾಲೋಚನೆಗೆ ಅರ್ಹವಾದ ವಿಷಯ.

ಬಂಡೆಯ ಮೇಲಿನ ಸಾಕ್ಷಿ

ಚೊಳಚಗುಡ್ಡ ಇರುವ ನೆಲ ಕನ್ನಡದ ಚರಿತ್ರೆಯಲ್ಲಿ ಅಂಚಿನದಲ್ಲ. ಸುಮಾರು ಐದು ಕಿಲೋಮೀಟರ್ ದೂರದ ಬಾದಾಮಿಯ ಬಂಡೆಗಳಲ್ಲಿ ಭಾಷೆಗಳ ಬಳಕೆಯ ಒಂದು ಪಾಠವೇ ಕೆತ್ತಲ್ಪಟ್ಟಿದೆ. ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ್ದನ್ನು ತಿಳಿಸುವ ಕ್ರಿ.ಶ. 543ರ ಶಾಸನ ಸಂಸ್ಕೃತದಲ್ಲಿದೆ. ಮೂರನೆಯ ಗುಹೆಯಲ್ಲಿ ವಿಷ್ಣುವಿನ ಪ್ರತಿಷ್ಠೆಯನ್ನು ದಾಖಲಿಸುವ ಮಂಗಲೇಶನ 578ರ ಶಾಸನವೂ ಸಂಸ್ಕೃತದ್ದೇ. ಆದರೆ ಅದೇ ಗುಹೆಗೆ ಗ್ರಾಮವೊಂದನ್ನು ಬಿಟ್ಟುಕೊಟ್ಟು ಮಾಲೆಗಾರರ ಪಾಲನ್ನು ಗೊತ್ತುಪಡಿಸಿದ ಮಂಗಲೇಶನ ಇನ್ನೊಂದು ಶಾಸನ ಕನ್ನಡದಲ್ಲಿದೆ. ಅರಸನ ಕೀರ್ತಿಗೆ ಸಂಸ್ಕೃತ, ಹೂ ಕಟ್ಟುವವರ ಹಕ್ಕಿಗೆ ಕನ್ನಡ ಎಂಬ ಈ ವಿಭಜನೆ ಗಮನಾರ್ಹ. ಯಾರಿಗೆ ತಿಳಿಯಬೇಕೋ ಅವರ ಮಾತಿನಲ್ಲಿ ಬರೆಯಬೇಕೆಂಬ ವ್ಯವಹಾರಜ್ಞಾನ ಆರನೆಯ ಶತಮಾನದ ಆಡಳಿತಕ್ಕೆ ಇತ್ತೆನ್ನಲು ಅಡ್ಡಿಯಿಲ್ಲ.

ಸುಮಾರು ಕ್ರಿ.ಶ. 700ರದೆಂದು ಗುರುತಿಸಲಾದ ಕಪ್ಪೆ ಅರಭಟ್ಟನ ಶಾಸನ ಇದೇ ಬಾದಾಮಿಯದು. ಲಭ್ಯವಿರುವ ಅತ್ಯಂತ ಹಳೆಯ ತ್ರಿಪದಿಗಳು ಅದರಲ್ಲಿವೆ. ಸಂಸ್ಕೃತ ಛಂದಸ್ಸಿನಿಂದ ಬಂದುದಲ್ಲದ, ಜನಪದರ ಬಾಯಲ್ಲಿ ಬೆಳೆದ ಈ ಮಟ್ಟು ಮುಂದೆ ಸರ್ವಜ್ಞನಲ್ಲಿಯೂ ಹೆಣ್ಣುಮಕ್ಕಳ ಬೀಸುವ ಹಾಡಿನಲ್ಲಿಯೂ ಉಳಿದು ಬಂದಿತು.

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡನ್ನು ಹೇಳಿ, ಅದರ ನಡುವೆ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳ ಮಧ್ಯದ ಪ್ರದೇಶವನ್ನು ಕನ್ನಡದ ತಿರುಳೆಂದು ಕರೆಯಿತು. ಕಿಸುವೊಳಲ್ ಎಂದರೆ ಇಂದಿನ ಪಟ್ಟದಕಲ್ಲು. ಕೊಪಣ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ. ಅಂದರೆ ಚೊಳಚಗುಡ್ಡದ ಸುತ್ತಲಿನ ಸೀಮೆಯ ಕನ್ನಡ ಅಂದಿನ ಲಾಕ್ಷಣಿಕರ ಕಣ್ಣಿನಲ್ಲಿ ಮಾದರಿಯಾಗಿತ್ತು. ಅದೇ ಗ್ರಂಥ 'ಕನ್ನಡಗಳು' ಎಂಬ ಬಹುವಚನವನ್ನೂ ಬಳಸುತ್ತದೆ ಎಂಬುದನ್ನು ಮರೆಯುವಂತಿಲ್ಲ. ದೇಸಿಯು ಬೇರೆ ಬೇರೆಯಾಗಿರುವುದರಿಂದ ಅದರಲ್ಲಿ ದೋಷ ಇಷ್ಟೇ ಎಂದು ನಿರ್ಣಯಿಸಹೊರಟರೆ ವಾಸುಕಿಯೂ ಬೇಸರಪಟ್ಟಾನು ಎಂಬುದು ಅದರ ಅಭಿಪ್ರಾಯ. ಮಾದರಿಯೊಂದನ್ನು ಹೇಳುತ್ತಲೇ ವೈವಿಧ್ಯವನ್ನು ಒಪ್ಪಿದ ಈ ನಿಲುವು ಇಂದಿನ ಅನೇಕ ಪಠ್ಯಪುಸ್ತಕ ಸಮಿತಿಗಳಿಗಿಂತ ಉದಾರವಾದುದು.

ಅಳತೆಗೋಲು ತೆಂಕಣಕ್ಕೆ ಸರಿದ ಬಗೆ

ಹಾಗಾದರೆ ತಿರುಳು ಎನಿಸಿದ್ದು 'ಆ ಕಡೆಯ ಭಾಷೆ'ಯಾದದ್ದು ಹೇಗೆ? ಇದಕ್ಕೆ ಭಾಷೆಯ ಒಳಗೆ ಕಾರಣ ಹುಡುಕಿ ಪ್ರಯೋಜನವಿಲ್ಲ. ಅಧಿಕಾರ, ಮುದ್ರಣ ಮತ್ತು ಶಾಲೆಗಳು ಎಲ್ಲಿ ನೆಲೆಗೊಂಡವೋ ಅಲ್ಲಿನ ಮಾತು ಪ್ರಮಾಣವಾಗುವುದು ಲೋಕದ ಎಲ್ಲೆಡೆ ಕಂಡುಬರುವ ಸಂಗತಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದ್ರಾಸು ಪ್ರಾಂತಗಳು, ಹೈದರಾಬಾದ್ ಸಂಸ್ಥಾನ, ಕೊಡಗು ಹಾಗೂ ಹಲವು ಸಣ್ಣ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿ ಶಾಲೆ ಮತ್ತು ಕಚೇರಿಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿಯಬೇಕಾಯಿತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಅತ್ತ ಮೈಸೂರು ಸಂಸ್ಥಾನದಲ್ಲಿ ಕನ್ನಡಕ್ಕೆ ರಾಜಾಶ್ರಯವಿತ್ತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡವು. ಚದುರಿದ ಪ್ರಾಂತಗಳ ಕನ್ನಡಿಗರಿಗೆಲ್ಲ ಒಪ್ಪುವ ಒಂದು ಬರವಣಿಗೆಯ ಭಾಷೆಯನ್ನು ರೂಢಿಗೆ ತರುವುದು ಪರಿಷತ್ತಿನ ಮೂಲ ಆಶಯಗಳಲ್ಲಿ ಒಂದಾಗಿತ್ತು. ಅದು ಅಂದಿನ ಅಗತ್ಯವೂ ಆಗಿತ್ತು. 1956ರಲ್ಲಿ ರಾಜ್ಯ ಒಂದುಗೂಡಿದಾಗ ರಾಜಧಾನಿ, ಪಠ್ಯಪುಸ್ತಕ ರಚನೆ ಮತ್ತು ಕ್ರಮೇಣ ಚಲನಚಿತ್ರೋದ್ಯಮ ಬೆಂಗಳೂರಿನಲ್ಲಿ ಕೇಂದ್ರೀಕೃತವಾದವು.

ಚಲನಚಿತ್ರದ ನಿದರ್ಶನವೊಂದು ಇಲ್ಲಿ ಪ್ರಸ್ತುತ. 1974ರ 'ಸಂಪತ್ತಿಗೆ ಸವಾಲ್' ಚಿತ್ರಕ್ಕೆ ಹುನಗುಂದ ಸೀಮೆಯ ನಾಟಕಕಾರ ಪಿ.ಬಿ. ಧುತ್ತರಗಿಯವರ ಕೃತಿ ಆಧಾರ. ಕಥೆ ಇಲ್ಲಿಂದ ಹೋಯಿತು, ಚಿತ್ರದ ಮಾತು ಮಾತ್ರ ತೆಂಕಣದ್ದಾಯಿತು. ಉತ್ತರದ ಆಡುಮಾತಿಗೆ ಬೆಳ್ಳಿತೆರೆಯಲ್ಲಿ ಬಹುಕಾಲ ದೊರೆತದ್ದು ಹಾಸ್ಯಪಾತ್ರದ ಜಾಗ. 1997ರ 'ನಾಗಮಂಡಲ' ಚಿತ್ರದಲ್ಲಿ ಗಂಭೀರ ಪಾತ್ರಗಳೂ ಈ ಭಾಷೆಯನ್ನಾಡಿದ್ದು ಆ ಕಾಲಕ್ಕೆ ವಿಶೇಷವೆನಿಸಿತು. ಸಾಹಿತ್ಯದಲ್ಲಿ ಸ್ಥಿತಿ ಇದಕ್ಕಿಂತ ಮೇಲು. ಧಾರವಾಡದ ಮಾತಿನಲ್ಲಿ ಬರೆದ ಬೇಂದ್ರೆಯವರಿಗೂ ಬೆಳಗಾವಿ ಸೀಮೆಯ ಮಾತನ್ನು ನಾಟಕ ಮತ್ತು ಕಾವ್ಯಕ್ಕೆ ತಂದ ಚಂದ್ರಶೇಖರ ಕಂಬಾರರಿಗೂ ಜ್ಞಾನಪೀಠ ಸಂದಿದೆ. ಕವಿಯ ಬಾಯಲ್ಲಿ ಸೊಗಸೆನಿಸಿದ್ದು ಮಗುವಿನ ಬಾಯಲ್ಲಿ ಅಶುದ್ಧವೆನಿಸುವುದು ಮಾತ್ರ ವಿಚಿತ್ರ.

ತಪ್ಪಲ್ಲ, ಬೇರೊಂದು ನಿಯಮ

ಉತ್ತರದ ಕನ್ನಡ ಪ್ರಮಾಣ ಕನ್ನಡದ ಕೆಟ್ಟ ರೂಪ ಎಂಬ ಭಾವನೆ ಪರೀಕ್ಷೆಗೆ ನಿಲ್ಲುವುದಿಲ್ಲ. 'ಮನೆ, ತಲೆ, ಕೆರೆ' ಎಂಬ ನಾಮಪದಗಳು ಇಲ್ಲಿ 'ಮನಿ, ತಲಿ, ಕೆರಿ' ಎಂದಾಗುತ್ತವೆ. 'ಒಳಗೆ, ಹೊರಗೆ, ಕೆಳಗೆ' ಎಂಬವು 'ಒಳಗ, ಹೊರಗ, ಕೆಳಗ' ಎಂದಾಗುತ್ತವೆ. ಪದಾಂತ್ಯದ ಎಕಾರ ಒಂದು ವರ್ಗದ ಪದಗಳಲ್ಲಿ ಇಕಾರವಾಗಿ, ಇನ್ನೊಂದು ವರ್ಗದಲ್ಲಿ ಅಕಾರವಾಗಿ ಕ್ರಮಬದ್ಧವಾಗಿ ಬದಲಾಗುತ್ತದೆ. ಮನಬಂದಂತೆ ಆಡುವವರ ಮಾತಿನಲ್ಲಿ ಇಂಥ ಕ್ರಮ ಇರಲಾರದು. 'ಊರಲ್ಲಿ' ಎಂಬಲ್ಲಿ ಬರುವ 'ಊರಾಗ' ಎಂಬ ರೂಪವೂ ಅಷ್ಟೆ. 'ಊರೊಳಗೆ' ಎಂಬುದರ ಸವೆದ ರೂಪವದು. ಹಳಗನ್ನಡದ 'ಊರೊಳ್' ಎಂಬುದಕ್ಕೆ ಪ್ರಮಾಣ ಕನ್ನಡದ 'ಊರಲ್ಲಿ'ಗಿಂತ ಅದು ಹತ್ತಿರ.

ಕ್ರಿಯಾಪದದ ಒಂದು ಉದಾಹರಣೆ ಶಾಲೆಯ ತೊಡಕನ್ನು ಸ್ಪಷ್ಟಪಡಿಸುತ್ತದೆ. ಈ ಸೀಮೆಯ ಮಗು 'ಅಪ್ಪ ಬಂದಾನ' ಎಂದರೆ ಅಪ್ಪ ಬಂದಿದ್ದಾನೆ ಎಂದರ್ಥ. ಪುಸ್ತಕದಲ್ಲಿ ಮಗು ಕಾಣುವ 'ಬಂದಾನು' ಎಂಬ ರೂಪಕ್ಕೆ ಬರಬಹುದು ಎಂಬ ಅರ್ಥ. ಒಂದು ನಡೆದುಹೋದ ಸಂಗತಿ, ಇನ್ನೊಂದು ಕೇವಲ ಸಂಭವ. ಎರಡು ವ್ಯಾಕರಣಗಳ ನಡುವಿನ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದರೆ ಮಗು ಎರಡನ್ನೂ ಕಲಿಯುತ್ತದೆ. ಬಿಡಿಸದೆ ಕೇವಲ ತಪ್ಪೆಂದರೆ, ತಾನು ಎಲ್ಲಿ ತಪ್ಪಿದೆನೆಂಬುದು ಅದಕ್ಕೆ ತಿಳಿಯುವುದಿಲ್ಲ. ಬಾಯಿ ಮುಚ್ಚಿಕೊಳ್ಳುವುದೇ ಕ್ಷೇಮವೆಂಬುದನ್ನು ಮಾತ್ರ ಅದು ಕಲಿಯುತ್ತದೆ.

ಗೌರವಸೂಚಕ 'ರಿ' ಪ್ರತ್ಯಯದ ವಿಷಯವೂ ಹೀಗೆಯೇ. 'ಹೌದ್ರಿ', 'ಇಲ್ರಿ', 'ಅದೀನ್ರಿ' ಎಂದು ವಾಕ್ಯದ ಯಾವುದೇ ಪದಕ್ಕೆ ಅಂಟಿಕೊಳ್ಳಬಲ್ಲ ಈ ಪ್ರತ್ಯಯ, ಎದುರಿಗಿರುವವರ ಬಗೆಗಿನ ಮರ್ಯಾದೆಯನ್ನು ವ್ಯಾಕರಣದ ಭಾಗವನ್ನಾಗಿಸಿದೆ. ಇಷ್ಟಾಗಿಯೂ ಈ ಭಾಷೆಗೆ 'ಒರಟು' ಎಂಬ ವಿಶೇಷಣ ಅಂಟಿಕೊಂಡಿದೆ. ಇನ್ನೊಂದು ವಿಷಯವೆಂದರೆ, ಪಠ್ಯಪುಸ್ತಕದ ಕನ್ನಡವನ್ನು ಮೈಸೂರಿನಲ್ಲಿಯೂ ಯಾರೂ ಮನೆಯಲ್ಲಿ ಆಡುವುದಿಲ್ಲ. ಅಲ್ಲಿನ ಮಗುವಿಗೆ ಪುಸ್ತಕದವರೆಗಿನ ದಾರಿ ಇಲ್ಲಿನ ಮಗುವಿಗಿಂತ ತುಸು ಹತ್ತಿರ, ಅಷ್ಟೆ.

ಅಧ್ಯಯನದ ಹಾದಿ

ಭಾಷಾವಿಜ್ಞಾನ ಈ ಸೀಮೆಯನ್ನು ಕಡೆಗಣಿಸಿತೆಂದು ಹೇಳಲಾಗದು. ಜೆ.ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಾದಾಮಿಯ ಶಾಸನಗಳನ್ನು ಓದಿ ಪ್ರಕಟಿಸಿದರು. 1894ರಲ್ಲಿ ಹೊರಬಂದ ಕಿಟೆಲ್ ನಿಘಂಟು ಸುಮಾರು 70,000 ಶಬ್ದಗಳನ್ನು ಒಳಗೊಂಡಿತು. ಗ್ರಿಯರ್ಸನ್ನರ ಭಾರತೀಯ ಭಾಷಾ ಸರ್ವೇಕ್ಷಣೆ ಮೈಸೂರು, ಮದ್ರಾಸು ಮತ್ತು ಹೈದರಾಬಾದುಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಹೀಗಾಗಿ 1906ರ ದ್ರಾವಿಡ ಸಂಪುಟದಲ್ಲಿ ಕನ್ನಡದ ವಿವರಣೆಗೆ ಮುಂಬಯಿ ಪ್ರಾಂತದ ಜಿಲ್ಲೆಗಳೇ ಮುಖ್ಯ ಆಧಾರವಾದವು. ಎ.ಎನ್. ನರಸಿಂಹಯ್ಯನವರು ಆರು ಮತ್ತು ಏಳನೆಯ ಶತಮಾನದ ಶಾಸನಗಳ ವ್ಯಾಕರಣವನ್ನು 1941ರಲ್ಲಿ, ಜಿ.ಎಸ್. ಗಾಯಿಯವರು ಮುಂದಿನ ಮೂರು ಶತಮಾನಗಳ ಶಾಸನಗಳ ವ್ಯಾಕರಣವನ್ನು 1946ರಲ್ಲಿ ಪ್ರಕಟಿಸಿದರು. 1960ರಲ್ಲಿ ವಿಲಿಯಂ ಮೆಕಾರ್ಮಾಕ್ ಧಾರವಾಡದ ಕನ್ನಡದಲ್ಲಿ ಜಾತಿ ಮತ್ತು ಸಾಮಾಜಿಕ ಸ್ಥಾನಕ್ಕನುಗುಣವಾಗಿ ಮಾತು ಹೇಗೆ ಭಿನ್ನವಾಗುತ್ತದೆಂದು ತೋರಿಸಿದರು. ಒಬ್ಬರ 'ಅದ' ಇನ್ನೊಬ್ಬರ 'ಐತಿ'ಯಾಗುವುದು ಈ ಸೀಮೆಯವರಿಗೆಲ್ಲ ತಿಳಿದಿರುವ ಸಂಗತಿ. 'ಉತ್ತರ ಕರ್ನಾಟಕದ ಭಾಷೆ' ಎಂಬುದೂ ಒಂದಲ್ಲ ಎಂಬ ಎಚ್ಚರ ಇದರಿಂದ ಮೂಡುತ್ತದೆ.

2008ರ ಅಕ್ಟೋಬರ್ 31ರಂದು ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. ಅದರ ಪ್ರಾಚೀನತೆಯ ಸಮರ್ಥನೆಗೆ ಶಾಸನಗಳ ಬಲ ದೊಡ್ಡದಾಗಿತ್ತು. ಶಾಸ್ತ್ರೀಯ ಕನ್ನಡದ ಅಧ್ಯಯನ ಕೇಂದ್ರ ನೆಲೆಗೊಂಡದ್ದು ಮೈಸೂರಿನಲ್ಲಿ. ಕೇಂದ್ರ ಎಲ್ಲಿರಬೇಕೆಂಬುದು ಪ್ರತ್ಯೇಕ ಚರ್ಚೆ. ಇಲ್ಲಿ ಎತ್ತಬೇಕಾದ ಪ್ರಶ್ನೆ ಬೇರೆ. ಬಂಡೆಯ ಮೇಲಿನ ಕನ್ನಡಕ್ಕೆ ಸಿಕ್ಕ ಆದರ, ಅದೇ ಬಂಡೆಯ ಕೆಳಗೆ ಬದುಕುವವರ ಬಾಯಿಮಾತಿಗೆ ಏಕೆ ದೊರೆಯುತ್ತಿಲ್ಲ? ಇಳಕಲ್ಲಿನ ಮಗ್ಗದ ಮುಂದೆ ಒಡಲ ನೂಲಿಗೆ ಸೆರಗಿನ ನೂಲನ್ನು ಕೂಡಿಸುವ 'ಕೊಂಡಿ', ಸೆರಗಿನ 'ತೋಪು ತೆನಿ', ಅಂಚಿನ 'ಗೋಮಿ', 'ಗಾಡಿ ದಡಿ', ಗುಳೇದಗುಡ್ಡದ ಖಣದ ಹೆಸರುಗಳು ಇವೆಲ್ಲ ಜೀವಂತ ಕನ್ನಡ. ನೇಕಾರರ ಮಕ್ಕಳು ಕಸುಬು ಬಿಟ್ಟು ಬೇರೆ ಉದ್ಯೋಗಗಳಿಗೆ ಹೊರಟಂತೆ ಈ ಮಾತುಗಳೂ ಬಳಕೆ ತಪ್ಪುತ್ತವೆ. ಶಾಸನ ಸಾವಿರ ವರ್ಷ ಉಳಿಯುತ್ತದೆ. ದಾಖಲಾಗದ ಮಾತು ಆಡುವವರೊಂದಿಗೆ ಹೋಗುತ್ತದೆ.

ಶಾಲೆಯ ಹೊಸಿಲಲ್ಲಿ

ಮಾತೃಭಾಷಾ ಶಿಕ್ಷಣದ ವಾಗ್ವಾದ ರಾಜ್ಯದಲ್ಲಿ ದಶಕಗಳಿಂದ ನಡೆದಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯಗೊಳಿಸುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ದ್ವಿಭಾಷಾ ಸೂತ್ರವನ್ನೂ ಕನಿಷ್ಠ ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷಾ ಮಾಧ್ಯಮವನ್ನೂ ಶಿಫಾರಸು ಮಾಡಿದೆ. ಈ ಚರ್ಚೆಗಳೆಲ್ಲ ಕನ್ನಡ ಒಂದು ಕಡೆ, ಇಂಗ್ಲಿಷ್ ಅಥವಾ ಹಿಂದಿ ಇನ್ನೊಂದು ಕಡೆ ಎಂಬ ಚೌಕಟ್ಟಿನಲ್ಲಿಯೇ ಸಾಗಿವೆ. ಮಗು ಮನೆಯಿಂದ ತರುವ ಕನ್ನಡ ಮತ್ತು ಪುಸ್ತಕದಲ್ಲಿ ಕಾಣುವ ಕನ್ನಡ ಇವೆರಡರ ನಡುವಿನ ಅಂತರ ಚರ್ಚೆಯ ಹೊರಗೇ ಉಳಿದಿದೆ.

ಬೇರೆ ದೇಶಗಳು ಈ ಅಂತರವನ್ನು ಹಲವು ಬಗೆಯಲ್ಲಿ ನಿಭಾಯಿಸಿವೆ. ಅರಬ್ಬಿ ನಾಡುಗಳಲ್ಲಿ ಬರೆಹದ ಅರಬ್ಬಿ ಒಂದು, ಬೀದಿಯ ಅರಬ್ಬಿ ಇನ್ನೊಂದು. ಒಂದೇ ಸಮಾಜದಲ್ಲಿ ಒಂದೇ ಭಾಷೆಯ ಎರಡು ಸ್ತರಗಳು ಹೀಗೆ ಬೇರೆ ಬೇರೆ ಕೆಲಸಗಳಿಗೆ ಮೀಸಲಾಗುವ ಸ್ಥಿತಿಯನ್ನು 1959ರಲ್ಲಿ ಚಾರ್ಲ್ಸ್ ಫರ್ಗ್ಯುಸನ್ ವಿಶ್ಲೇಷಿಸಿದರು. ನಾರ್ವೆಯ ಹಾದಿ ಬೇರೆ. ಅಲ್ಲಿನ ಸಂಸತ್ತು 1878ರಲ್ಲಿಯೇ ಗ್ರಾಮೀಣ ಶಾಲೆಗಳಲ್ಲಿ ಮಕ್ಕಳ ಆಡುಮಾತಿನಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಪಾಠ ಹೇಳಬೇಕೆಂದು ನಿರ್ಣಯಿಸಿತು. 1885ರಲ್ಲಿ ಬರವಣಿಗೆಯ ಎರಡು ರೂಪಗಳಿಗೆ ಸಮಾನ ಸ್ಥಾನ ನೀಡಿತು. ಇಂದಿಗೂ ಅಲ್ಲಿನ ಮಂತ್ರಿಗಳು, ಪ್ರಾಧ್ಯಾಪಕರು ತಮ್ಮ ಊರಿನ ಮಾತನ್ನೇ ಸಾರ್ವಜನಿಕವಾಗಿ ಆಡುವುದು ಸಾಮಾನ್ಯ. ದೇಶವೇನೂ ಅದರಿಂದ ಒಡೆಯಲಿಲ್ಲ.

ನಮ್ಮಲ್ಲಿ ಬರವಣಿಗೆಗೆ ಎರಡು ಪ್ರಮಾಣಗಳು ಬೇಕಿಲ್ಲ. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಪತ್ರಿಕೆಯನ್ನು, ಒಂದೇ ಕಾನೂನನ್ನು ಓದಲು ಸಾಧ್ಯವಾಗಿಸಿದ ಪ್ರಮಾಣ ಕನ್ನಡ ಏಕೀಕರಣದ ದೊಡ್ಡ ಗಳಿಕೆ. ಆಡುಮಾತುಗಳಿಗೆ ಮನ್ನಣೆ ಕೊಟ್ಟರೆ ಕನ್ನಡ ಒಡೆದೀತು ಎಂಬ ಆತಂಕವನ್ನು ಹಗುರವಾಗಿ ತಳ್ಳಿಹಾಕಬೇಕಿಲ್ಲ. ಇಂಗ್ಲಿಷ್ ಮಾಧ್ಯಮದ ಸೆಳೆತ ಹಳ್ಳಿಗಳನ್ನೂ ಮುಟ್ಟಿರುವಾಗ ಒಗ್ಗಟ್ಟು ಬೇಕೆಂಬ ವಾದಕ್ಕೆ ತೂಕವಿದೆ. ಆದರೆ ಮನೆಯ ಮಾತನ್ನು ತಪ್ಪೆಂದು ಕೇಳಿಸಿಕೊಂಡ ಮಗುವಿಗೆ ಪುಸ್ತಕದ ಕನ್ನಡವೂ ಪರರ ಭಾಷೆಯಂತೆ ತೋರಿದರೆ, ಆ ಎರಡು ಪರಭಾಷೆಗಳಲ್ಲಿ ಹೆಚ್ಚು ಲಾಭದಾಯಕವಾದುದನ್ನು ಪಾಲಕರು ಆರಿಸಿಕೊಂಡರೆ ಅಚ್ಚರಿಪಡಬೇಕಿಲ್ಲ. ಪ್ರಮಾಣ ಕನ್ನಡವನ್ನು ಕಲಿಸಲೇಬೇಕು. ಮಗುವಿನ ಮಾತಿನ ಮೇಲೆ ಹೆಜ್ಜೆಯಿಟ್ಟು ಅಲ್ಲಿಗೆ ಏರಿಸಬೇಕೇ ಹೊರತು, ಅದನ್ನು ಅಳಿಸಿ ಅಲ್ಲ.

ಯಂತ್ರದ ಕಿವಿ

ಇದುವರೆಗೆ ಶಾಲೆ ಮತ್ತು ಕಚೇರಿಗೆ ಸೀಮಿತವಾಗಿದ್ದ ಈ ಪ್ರಶ್ನೆ ಈಗ ಮೊಬೈಲ್ ಫೋನಿಗೂ ಬಂದಿದೆ. ಭಾರತೀಯ ಭಾಷೆಗಳಲ್ಲಿ ಅನುವಾದ ಮತ್ತು ಧ್ವನಿ ಸೇವೆಗಳಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ 'ಭಾಷಿಣಿ' ಯೋಜನೆಗೆ ಚಾಲನೆ ನೀಡಿತು. ರೈತ ಮಾತಿನಲ್ಲಿಯೇ ಪ್ರಶ್ನೆ ಕೇಳಿ ಮಾತಿನಲ್ಲಿಯೇ ಉತ್ತರ ಪಡೆಯಬೇಕೆಂಬುದು ಇಂಥ ಸೇವೆಗಳ ಗುರಿ. ಯಂತ್ರಕ್ಕೆ ಯಾವ ಧ್ವನಿಗಳನ್ನು ಕೇಳಿಸಿ ತರಬೇತಿ ನೀಡಲಾಗಿದೆಯೋ ಅವನ್ನಷ್ಟೇ ಅದು ಚೆನ್ನಾಗಿ ಗುರುತಿಸುತ್ತದೆ. ವಾರ್ತಾವಾಚಕರ ಕನ್ನಡವನ್ನು ಮಾತ್ರ ಕೇಳಿ ಕಲಿತ ಯಂತ್ರಕ್ಕೆ ಮಲಪ್ರಭೆಯ ದಡದ ರೈತನ 'ಬೆಳಿಗೆ ರೋಗ ಬಂದೈತ್ರಿ' ಎಂಬ ಮಾತು ಗೊಂದಲವೇ ಆದೀತು. ಓದು ಬಾರದವರಿಗೆ ಅನುಕೂಲವಾಗಲೆಂದು ಹುಟ್ಟಿದ ಸೌಲಭ್ಯ ಅವರನ್ನೇ ಹೊರಗಿಡುವ ಅಪಾಯ ಇಲ್ಲಿದೆ.

ಸಮಾಧಾನದ ಸಂಗತಿಯೆಂದರೆ, ಈ ಅಪಾಯವನ್ನು ಕಂಡುಕೊಂಡವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ರೆಸ್ಪಿನ್' ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ಪ್ರಾದೇಶಿಕ ಪ್ರಭೇದಗಳ ಮಾತನ್ನು ಸಂಗ್ರಹಿಸಲು ಮುಂದಾಯಿತು. ಅದೇ ಸಂಸ್ಥೆ ಗೂಗಲ್ ಜೊತೆಗೂಡಿ ಆರಂಭಿಸಿದ 'ವಾಣಿ' ಯೋಜನೆ ಭಾಷೆಯ ಬದಲಿಗೆ ಜಿಲ್ಲೆಯನ್ನು ಘಟಕವಾಗಿ ಹಿಡಿದು, 773 ಜಿಲ್ಲೆಗಳ ಮಾತನ್ನು ದಾಖಲಿಸುವ ಗುರಿ ಹೊಂದಿತು. ಜನ ಏನು ಆಡಬೇಕೆಂದು ನಿರ್ದೇಶಿಸದೆ, ಅವರು ಆಡುವುದನ್ನು ಕೇಳಿಸಿಕೊಳ್ಳುವ ಈ ಕ್ರಮ ಭಾಷಾನೀತಿಗೂ ಮಾದರಿಯಾಗಬಲ್ಲದು. ಯಂತ್ರ ತಯಾರಿಸುವವರು ವ್ಯಾವಹಾರಿಕ ಕಾರಣಕ್ಕಾಗಿ ಒಪ್ಪಿದ್ದನ್ನು ಶಿಕ್ಷಣ ಇಲಾಖೆ ತತ್ತ್ವದ ಕಾರಣಕ್ಕಾಗಿ ಒಪ್ಪಲು ಹಿಂಜರಿಯಬೇಕಿಲ್ಲ.

ಎಣಿಕೆಯಲ್ಲಿ ಕಾಣದವರು

ತಿರುಳ್ಗನ್ನಡದ ನೆಲವೆಂದಮಾತ್ರಕ್ಕೆ ಇಲ್ಲಿ ಕನ್ನಡವೊಂದೇ ಇಲ್ಲ. ಉರ್ದು, ಮರಾಠಿ, ತೆಲುಗುಗಳ ಜೊತೆಗೆ ತಾಂಡಾಗಳ ಲಂಬಾಣಿ ಮಾತೂ ಈ ಜಿಲ್ಲೆಯಲ್ಲಿದೆ. 2011ರ ಜನಗಣತಿಯಲ್ಲಿ ದೇಶದ ಸುಮಾರು 4.37 ಕೋಟಿ ಜನ ಕನ್ನಡದವರೆಂದು ಎಣಿಕೆಯಾದರು. ಲಂಬಾಣಿಯನ್ನು ಮಾತೃಭಾಷೆಯೆಂದು ಬರೆಸಿದ 32 ಲಕ್ಷಕ್ಕೂ ಹೆಚ್ಚು ಜನರನ್ನು ಅದೇ ಗಣತಿ ಹಿಂದಿಯ ಗುಂಪಿಗೆ ಸೇರಿಸಿತು. ಕನ್ನಡದ ಶಾಲೆಯಲ್ಲಿ ಓದಿ, ಕನ್ನಡದ ಸಂತೆಯಲ್ಲಿ ವ್ಯವಹರಿಸುವ ತಾಂಡಾದ ಹುಡುಗಿ ಅಂಕಿಅಂಶಗಳಲ್ಲಿ ಹಿಂದಿಯವಳಾಗುವ ಈ ವಿಂಗಡಣೆ ಭಾಷಾ ಬಳಕೆಯ ವಸ್ತುಸ್ಥಿತಿಯಿಂದ ಬಲುದೂರ. ಹಿಂದಿಯ ಹೆಸರಿನಲ್ಲಿ ಇತರ ನುಡಿಗಳನ್ನು ಮುಚ್ಚುವುದನ್ನು ಆಕ್ಷೇಪಿಸುವ ಕನ್ನಡಿಗರು, ಪ್ರಮಾಣ ಕನ್ನಡದ ಹೆಸರಿನಲ್ಲಿ ತಮ್ಮವರ ಮಾತನ್ನು ಮುಚ್ಚುವಾಗ ಅದೇ ನ್ಯಾಯವನ್ನು ತಮಗೂ ಅನ್ವಯಿಸಿಕೊಳ್ಳಬೇಕಾಗುತ್ತದೆ.

2021ರಲ್ಲಿ ನಡೆಯಬೇಕಿದ್ದ ಜನಗಣತಿಯನ್ನು 2027ಕ್ಕೆ ನಿಗದಿಪಡಿಸಿ 2025ರಲ್ಲಿ ಅಧಿಸೂಚನೆ ಹೊರಟಿತು. ಗಣತಿಯ ಮಾತೃಭಾಷಾ ಕಾಲಂ ಆಡುಮಾತುಗಳ ವಿವರವನ್ನು ತಾನಾಗಿ ನೀಡಲಾರದು. ಆ ಕೆಲಸ ರಾಜ್ಯದ ವಿಶ್ವವಿದ್ಯಾನಿಲಯಗಳದು. ಜಿಲ್ಲೆವಾರು ಆಡುಮಾತಿನ ಧ್ವನಿಮುದ್ರಿತ ಸಂಗ್ರಹ, ಕಸುಬುಗಳ ಪದಕೋಶ, ಮತ್ತು ಒಂದರಿಂದ ಮೂರನೆಯ ತರಗತಿಯ ಶಿಕ್ಷಕರಿಗೆ ಮನೆಮಾತು ಮತ್ತು ಪುಸ್ತಕದ ಮಾತಿನ ವ್ಯತ್ಯಾಸವನ್ನು ತಿಳಿಸುವ ಕೈಪಿಡಿ ಇವು ಅಸಾಧ್ಯವಾದ ಬೇಡಿಕೆಗಳಲ್ಲ. ಕೋಟಿಗಟ್ಟಲೆ ಅನುದಾನವನ್ನೂ ಇವು ಕೇಳುವುದಿಲ್ಲ. ಕೊನೆಯದಂತೂ ಒಂದು ಇಲಾಖಾ ಸುತ್ತೋಲೆ ಮತ್ತು ಕೆಲವು ಅನುಭವಿ ಶಿಕ್ಷಕರ ಒಂದು ಬೇಸಿಗೆಯ ಶ್ರಮದಿಂದ ಆಗಬಹುದಾದ ಕೆಲಸ.

ಕಿಸುವೊಳಲಿನಿಂದ ಪುಲಿಗೆರೆಯವರೆಗಿನ ಮಾತು ಒಂದು ಕಾಲಕ್ಕೆ ತಿರುಳಾಗಿತ್ತು, ಅನಂತರ ಅಳತೆಗೋಲು ಬೇರೆಡೆಗೆ ಹೋಯಿತು. ಇಂದು ಪ್ರಮಾಣವೆನಿಸಿದ್ದಕ್ಕೂ ಆ ಸ್ಥಾನ ಶಾಶ್ವತವಲ್ಲ ಎಂಬ ವಿನಯ ನಮ್ಮ ಭಾಷಾನೀತಿಗೆ ಬರಬೇಕು. 'ಅಪ್ಪ ಬಂದಾನ' ಎಂದು ಬರೆದ ಮಗುವಿನ ಪಾಟಿಯ ಮೇಲೆ ಅಡ್ಡಗೆರೆ ಎಳೆಯುವ ಮುನ್ನ, 'ನಿಮ್ಮ ಮನಿಯಾಗ ಹಿಂಗ ಅಂತೀರಿ, ಪುಸ್ತಕದಾಗ ಹಿಂಗ ಬರೀತಾರ' ಎಂದು ಹೇಳುವ ಶಿಕ್ಷಕಿ ಆ ವಿನಯವನ್ನು ಆಗಲೇ ಕಲಿತವಳು. ಸರ್ಕಾರ ಅವಳ ಬೆನ್ನಿಗೆ ನಿಲ್ಲಬೇಕಾಗಿದೆ.